ಮಗಳು ‘ಅನಾ ವಿಂಟೂರ್ ಆಗ್ತೀನಿ’ ಅಂತಾಳೆ, ಕಾಲೇಜು ಬಿಡಿಸಬೇಕಾ?

ಪ್ರಶ್ನೆ: ನಮ್ಮದು ಬಾಗಲಕೋಟೆ. ಮಗಳು ಬಿ.ಕಾಂ. ಎರಡನೇ ವರ್ಷದಲ್ಲಿದ್ದಾಳೆ. ಓದಿನಲ್ಲಿ ಚುರುಕು. ಕಳೆದ ವರ್ಷ ಅಮೆರಿಕದ ‘ವೋಗ್’ ಎಂಬ ಫ್ಯಾಷನ್ ಪತ್ರಿಕೆಯ ಸಂಪಾದಕಿ ಅನಾ ವಿಂಟೂರ್ ಬಗ್ಗೆ ಒಂದು ಸಾಕ್ಷ್ಯಚಿತ್ರ ನೋಡಿದಳು. ಅವತ್ತಿನಿಂದ ಅದೇ ಧ್ಯಾನ. ‘ಅವರು ಕಾಲೇಜಿನ ಮೆಟ್ಟಿಲೇ ಹತ್ತಿಲ್ಲ. ಕೆಲಸದಿಂದ ತೆಗೆದುಹಾಕಿದರೂ ಮೇಲೆ ಬಂದರು. ನನಗ್ಯಾಕೆ ಈ ಡೆಬಿಟ್ಟು ಕ್ರೆಡಿಟ್ಟು?’ ಅಂತಾಳೆ. ಕಾಲೇಜು ಬಿಟ್ಟು ಮುಂಬೈಗೆ ಹೋಗುವ ಮಾತು. ಸೊಂಟದವರೆಗಿದ್ದ ಜಡೆಯನ್ನು ಆ ಸಂಪಾದಕಿಯ ಥರ ಕುತ್ತಿಗೆಯ ಹತ್ತಿರಕ್ಕೆ ಕತ್ತರಿಸಿಕೊಂಡು ಬಂದಳು. ಅತ್ತೆಯವರು ‘ಬಟ್ಟಿ ಫೋಟೋ ನೋಡ್ಲಿಕ್ಕ ಸಾಲಿ ಬಿಡ್ತಾರೇನ?’ ಅಂತ ಬೈಯುತ್ತಾರೆ. ಯಜಮಾನರು ಮಗಳ ಜೊತೆ ಮಾತೇ ಬಿಟ್ಟಿದ್ದಾರೆ. ನಾನೂ ಆಕೆಯ ಬಗ್ಗೆ ಹುಡುಕಿ ಓದಿದೆ. ಒಂದು ಕಡೆ ರಾಣಿ ಅಂತಾರೆ, ಇನ್ನೊಂದು ಕಡೆ ರಾಕ್ಷಸಿ ಅಂತಾರೆ. ಈಗ ಕೆಲಸವನ್ನೇ ಬಿಟ್ಟರು ಅಂತಲೂ ಇದೆ. ಇದರಲ್ಲಿ ನಿಜ ಯಾವುದು? ಇಂಥ ಕೆಲಸ ನಮ್ಮಂಥವರ ಮಕ್ಕಳಿಗೆ ಇದೆಯಾ? ಮಗಳಿಗೆ ಏನು ಹೇಳಲಿ?
— ಒಬ್ಬ ತಾಯಿ, ಬಾಗಲಕೋಟೆ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಆ ಜಡೆಯ ಮೇಲೆ. ನಾನು ಬೆಂಗಳೂರು, ಮುಂಬೈಗಳಲ್ಲಿ 22 ವರ್ಷ ಪತ್ರಿಕೆಗಳ ಫೀಚರ್ ಮತ್ತು ಫ್ಯಾಷನ್ ಪುಟಗಳನ್ನು ನೋಡಿಕೊಂಡವಳು. ಸಂದರ್ಶನಕ್ಕೆ ಬರುವ ಹುಡುಗಿಯರಲ್ಲಿ ಆ ಹೇರ್‌ಕಟ್ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಹಣೆ ಮುಚ್ಚುವ ಮುಂಗೂದಲು, ಗಲ್ಲದ ಹತ್ತಿರ ನಿಲ್ಲುವ ಬಾಬ್. ಕೆಲವರು ಕಪ್ಪು ಕನ್ನಡಕವನ್ನೂ ಹಾಕಿಕೊಂಡು ಬರುತ್ತಿದ್ದರು. ನಿಮ್ಮ ಮಗಳು ಒಬ್ಬಳೇ ಅಲ್ಲ, ಅಷ್ಟು ಸಮಾಧಾನ ಇರಲಿ.

ನಿಮ್ಮ ಚಿಂತೆ ನನಗೆ ಹೀಗೆ ಕಾಣುತ್ತದೆ. ಮಗಳ ಆಸೆ ಕೆಟ್ಟದ್ದಲ್ಲ ಎಂದು ನಿಮಗೆ ಒಳಗೊಳಗೇ ಅನ್ನಿಸಿದೆ. ಇಲ್ಲದಿದ್ದರೆ ನೀವು ಕೂತು ಆಕೆಯ ಬಗ್ಗೆ ಹುಡುಕಿ ಓದುತ್ತಿರಲಿಲ್ಲ. ಆದರೆ ಯಾರದೋ ಬದುಕಿನ ಕಥೆಯನ್ನು ಮಗಳು ಬಸ್ ಮಾರ್ಗದ ಬೋರ್ಡಿನ ಥರ ಓದುತ್ತಿದ್ದಾಳೆ. ಹತ್ತಿ ಕೂತರೆ ಊರು ಬರುತ್ತದೆ ಅಂದುಕೊಂಡಿದ್ದಾಳೆ. ಹಾಗಾಗಿ ಮೊದಲು ಆ ಕಥೆಯನ್ನೇ ಬಿಡಿಸಿ ನೋಡೋಣ.

ಕಾಲೇಜಿಗೆ ಹೋಗಲಿಲ್ಲ ಅನ್ನುವುದು ನಿಜ. ಅನಾ ವಿಂಟೂರ್ ಹುಟ್ಟಿದ್ದು 1949ರ ನವೆಂಬರ್ 3ರಂದು, ಲಂಡನ್ನಿನಲ್ಲಿ. ಒಳ್ಳೆಯ ಶಾಲೆಯಲ್ಲೇ ಓದಿದರು, ಆದರೆ ಹದಿಹರೆಯದಲ್ಲೇ ಓದು ಬಿಟ್ಟರು. ಆಗ ಲಂಡನ್ನಿನ ಹುಡುಗಿಯರು ಮುಗಿಬೀಳುತ್ತಿದ್ದ ‘ಬಿಬಾ’ ಎಂಬ ಬಟ್ಟೆ ಅಂಗಡಿಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದರು. ಆಮೇಲೆ ‘ಹ್ಯಾರಡ್ಸ್’ ಎಂಬ ದೊಡ್ಡ ಮಳಿಗೆಯಲ್ಲಿ ತರಬೇತಿ. ಡಿಗ್ರಿ ಇಲ್ಲ. ಇಲ್ಲಿಯವರೆಗೆ ನಿಮ್ಮ ಮಗಳು ಹೇಳಿದ್ದು ಸರಿ.

ಆದರೆ ಅವರ ಮನೆ ಎಂಥದ್ದು ಅಂತ ಮಗಳನ್ನು ಕೇಳಿ. ತಂದೆ ಚಾರ್ಲ್ಸ್ ವಿಂಟೂರ್, ಲಂಡನ್ನಿನ ‘ಈವ್ನಿಂಗ್ ಸ್ಟ್ಯಾಂಡರ್ಡ್’ ಎಂಬ ಸಂಜೆಪತ್ರಿಕೆಯ ಸಂಪಾದಕರು. 1959ರಿಂದ ಹದಿನೇಳು ವರ್ಷ ಆ ಕುರ್ಚಿಯಲ್ಲಿದ್ದರು, ಆಮೇಲೆ ಇನ್ನೊಮ್ಮೆಯೂ ಬಂದು ಕೂತರು. ಅವರಿಗೆ ‘ಚಿಲ್ಲಿ ಚಾರ್ಲಿ’ ಎಂಬ ಅಡ್ಡಹೆಸರಿತ್ತು. ನಮ್ಮ ಬ್ಯಾಡಗಿ ಮೆಣಸಿನಕಾಯಿಯ ಚಿಲ್ಲಿ ಅಲ್ಲ, ಎದುರು ನಿಂತವರಿಗೆ ಚಳಿ ಹಿಡಿಸುವ ಚಿಲ್ಲಿ. ತಾಯಿ ಅಮೆರಿಕದವರು, ಹಾರ್ವರ್ಡ್ ವಿಶ್ವವಿದ್ಯಾಲಯದ ಕಾನೂನು ಪ್ರೊಫೆಸರರ ಮಗಳು. ಕೈಯಲ್ಲಿ ಹಣವಿದ್ದ, ಊರಿನ ದೊಡ್ಡವರೆಲ್ಲ ಪರಿಚಯವಿದ್ದ ಮನೆ. ಬಿಬಾದಲ್ಲಿ ಕೆಲಸ ಕೊಡಿಸಿದ್ದೂ ತಂದೆಯೇ. ಯಾವುದೋ ಅರ್ಜಿಯಲ್ಲಿ ‘ಮುಂದೆ ಏನಾಗಬೇಕು’ ಎಂಬ ಜಾಗದಲ್ಲಿ ಏನು ಬರೆಯಲಿ ಎಂದು ಹುಡುಗಿ ಕೇಳಿದಾಗ, ‘ವೋಗ್ ಸಂಪಾದಕಿ ಅಂತ ಬರಿ, ಇನ್ನೇನು’ ಎಂದು ತಂದೆ ಹೇಳಿದರು. ಇದನ್ನು ಅನಾ ಅವರೇ ಆ ಸಾಕ್ಷ್ಯಚಿತ್ರದಲ್ಲಿ ಹೇಳಿಕೊಂಡಿದ್ದಾರೆ. ಮಗಳು ನೋಡಿದ್ದಾಳಲ್ಲ, ನೆನಪಿರಬಹುದು.

ಅಂದರೆ ಸುದ್ದಿ ಯಾವುದು, ಹೆಡ್ಡಿಂಗ್ ಯಾವುದು, ಗಡುವು ಅಂದರೇನು, ಸಂಪಾದಕ ಅನ್ನಿಸಿಕೊಂಡವನು ಬೇಡ ಅನ್ನುವುದು ಹೇಗೆ, ಇದೆಲ್ಲ ಆ ಹುಡುಗಿ ಬೆಳೆದ ಮನೆಯ ಮಾತು. ಅಕ್ಕಸಾಲಿಗರ ಮನೆಯ ಮಗು ಶಾಲೆಗೆ ಹೋಗದಿದ್ದರೂ ಚಿನ್ನ ಒರೆಗೆ ಹಚ್ಚಿ ಮಟ್ಟ ಹೇಳುತ್ತದೆ, ಅಲ್ವಾ? ಹಾಗೆ. ಅವರು ಕಾಲೇಜು ತಪ್ಪಿಸಿಕೊಂಡಿರಬಹುದು, ಕಲಿಕೆ ತಪ್ಪಿಸಿಕೊಳ್ಳಲಿಲ್ಲ. ನಿಮ್ಮ ಮಗಳಿಗೆ ಈ ಕಲಿಕೆ ಮನೆಯಲ್ಲಿ ಸಿಗುವುದಿಲ್ಲ. ಅದು ನಿಮ್ಮ ತಪ್ಪೂ ಅಲ್ಲ, ಅವಳ ತಪ್ಪೂ ಅಲ್ಲ. ಬೇರೆ ಎಲ್ಲಿಂದಲಾದರೂ ಸಿಗಬೇಕು ಅಷ್ಟೇ.

ಇನ್ನೊಂದು ವಿಷಯ ನಿಮ್ಮ ಅತ್ತೆಯವರಿಗೆ ಹೇಳಿ. ಅವರು ಕೇಳಿದ ಪ್ರಶ್ನೆ ಲಂಡನ್ನಿನ ಆ ಮನೆಯಲ್ಲೂ ಸುಳಿದಾಡಿದೆ. ಅನಾ ಅವರ ಒಡಹುಟ್ಟಿದವರೆಲ್ಲ ‘ಗಂಭೀರ’ ಕೆಲಸದವರು. ತಮ್ಮ ಪ್ಯಾಟ್ರಿಕ್ ‘ಗಾರ್ಡಿಯನ್’ ಪತ್ರಿಕೆಯಲ್ಲಿ ರಾಜಕೀಯ ಬರೆಯುವವರು. ನನ್ನ ಕೆಲಸ ನೋಡಿದರೆ ಅವರಿಗೆಲ್ಲ ಒಳಗೊಳಗೇ ನಗು ಎಂಬ ಅರ್ಥದ ಮಾತನ್ನು ಅನಾ ಅದೇ ಚಿತ್ರದಲ್ಲಿ ಹೇಳುತ್ತಾರೆ. ಹೇಳುವಾಗ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಇಡೀ ಚಿತ್ರದಲ್ಲಿ ನನಗೆ ಆಕೆ ಇಷ್ಟವಾದದ್ದು ಆ ಒಂದು ಗಳಿಗೆಯಲ್ಲಿ.

ಈಗ ಎರಡನೇ ಮಾತು. ‘ಕೆಲಸದಿಂದ ತೆಗೆದುಹಾಕಿದರೂ ಮೇಲೆ ಬಂದರು.’ ಇದೂ ನಿಜ, ಆದರೆ ಎರಡರ ನಡುವೆ ಎಷ್ಟು ವರ್ಷ ಅನ್ನುವುದನ್ನು ಯಾರೂ ಹೇಳುವುದಿಲ್ಲ.

1970ರಲ್ಲಿ ಲಂಡನ್ನಿನ ‘ಹಾರ್ಪರ್ಸ್ ಅಂಡ್ ಕ್ವೀನ್’ ಪತ್ರಿಕೆಗೆ ಸಹಾಯಕಿಯಾಗಿ ಸೇರಿದರು. ಸುಮಾರು ಐದು ವರ್ಷದ ನಂತರ ನ್ಯೂಯಾರ್ಕಿಗೆ ಹೋಗಿ ‘ಹಾರ್ಪರ್ಸ್ ಬಜಾರ್’ ಸೇರಿದರು. ಅಲ್ಲಿ ಆಕೆ ಮಾಡಿಸಿದ ಫೋಟೋಗಳು ಸಂಪಾದಕರಿಗೆ ಹಿಡಿಸಲಿಲ್ಲ. ಒಂಬತ್ತು ತಿಂಗಳಲ್ಲಿ ಮನೆಗೆ ಕಳಿಸಿದರು. ಆಮೇಲೆ ‘ವಿವಾ’ ಎಂಬ ಪತ್ರಿಕೆ. ಅದನ್ನು ನಡೆಸುತ್ತಿದ್ದವರು ‘ಪೆಂಟ್‌ಹೌಸ್’ ಎಂಬ ವಯಸ್ಕರ ಪತ್ರಿಕೆಯ ಮಾಲೀಕರು. ಇವತ್ತು ಯಾರೂ ತಮ್ಮ ಬಯೋಡೇಟಾದಲ್ಲಿ ದಪ್ಪಕ್ಷರದಲ್ಲಿ ಬರೆದುಕೊಳ್ಳದ ಜಾಗ. ಅದೂ 1978ರಲ್ಲಿ ಮುಚ್ಚಿತು. ಸ್ವಲ್ಪ ಕಾಲ ಸುಮ್ಮನಿದ್ದು, 1980ರಲ್ಲಿ ‘ಸ್ಯಾವಿ’ ಎಂಬ ಇನ್ನೊಂದು ಪತ್ರಿಕೆ. 1981ರಲ್ಲಿ ‘ನ್ಯೂಯಾರ್ಕ್’ ವಾರಪತ್ರಿಕೆ. ಕೊನೆಗೆ 1983ರಲ್ಲಿ ‘ವೋಗ್’ ಬಾಗಿಲು ತೆರೆಯಿತು, ಅದೂ ಸಂಪಾದಕಿಯಾಗಿ ಅಲ್ಲ, ಕ್ರಿಯೇಟಿವ್ ಡೈರೆಕ್ಟರ್ ಆಗಿ. ಅದಕ್ಕೆ ಮುಂಚೆಯೇ ಒಮ್ಮೆ ಅಲ್ಲಿಗೆ ಸಂದರ್ಶನಕ್ಕೆ ಹೋದಾಗ, ನಿಮಗೆ ಯಾವ ಹುದ್ದೆ ಬೇಕು ಎಂದು ಆಗಿನ ಸಂಪಾದಕಿ ಗ್ರೇಸ್ ಮಿರಾಬೆಲ್ಲಾ ಕೇಳಿದರಂತೆ. ‘ನಿಮ್ಮದೇ’ ಎಂದರಂತೆ ಇವರು. ಮಾತು ಅಲ್ಲಿಗೆ ಮುಗಿಯಿತು.

ನಂತರ ಲಂಡನ್ನಿಗೆ ಮರಳಿ ಬ್ರಿಟಿಷ್ ‘ವೋಗ್’ ಸಂಪಾದಕಿ. 1987ರಲ್ಲಿ ಮತ್ತೆ ನ್ಯೂಯಾರ್ಕಿಗೆ, ಮನೆ ಅಲಂಕಾರದ ‘ಹೌಸ್ ಅಂಡ್ ಗಾರ್ಡನ್’ ಪತ್ರಿಕೆಗೆ. ಅಲ್ಲಿ ಸೋಫಾ, ಪರದೆಗಳ ನಡುವೆ ಬಟ್ಟೆಗಳನ್ನೇ ಜಾಸ್ತಿ ತುರುಕಿದರು. ಜನ ಅದನ್ನು ‘ಹೌಸ್ ಅಂಡ್ ಗಾರ್ಮೆಂಟ್’ ಎಂದು ಆಡಿಕೊಂಡರು, ಹಳೆಯ ಓದುಗರು ಚಂದಾ ನಿಲ್ಲಿಸಿದರು. 1988ರಲ್ಲಿ ಅಮೆರಿಕದ ‘ವೋಗ್’ ಸಂಪಾದಕಿಯಾದಾಗ ವಯಸ್ಸು 38. ಮೊದಲ ಪತ್ರಿಕೆ ಸೇರಿ 18 ವರ್ಷ ಕಳೆದಿತ್ತು. ಏಳೆಂಟು ಕಚೇರಿ ದಾಟಿದ್ದರು.

ಆ ಮೊದಲ ಹದಿಮೂರು ವರ್ಷ ಇದೆಯಲ್ಲ, ಸಿನಿಮಾದವರಿಗೆ ಅದು ಬೇಕಾಗುವುದಿಲ್ಲ. ನನಗೆ ಅದೇ ಮುಖ್ಯ. ಸಣ್ಣ ಪತ್ರಿಕೆಯ ಫ್ಯಾಷನ್ ಡೆಸ್ಕ್ ಅಂದರೆ ಏನು ಅಂತ ನಾನು ಹೇಳುತ್ತೇನೆ, ಮಗಳಿಗೆ ಓದಿ ಹೇಳಿ. ಬೆಳಗ್ಗೆ ಡಿಸೈನರ್ ಅಂಗಡಿಗಳಿಂದ ಬಟ್ಟೆ ಎರವಲು ತರುವುದು. ಪ್ರತಿ ಬಟ್ಟೆಗೂ ಪಟ್ಟಿ ಬರೆಯುವುದು. ಇಸ್ತ್ರಿ, ಸ್ಟೀಮರ್. ಹೊಸ ಚಪ್ಪಲಿಯ ಅಡಿಗೆ ಟೇಪ್ ಅಂಟಿಸುವುದು, ಯಾಕೆಂದರೆ ಅದು ಗೀರು ಬೀಳದೆ ಅಂಗಡಿಗೆ ವಾಪಸ್ ಹೋಗಬೇಕು. ಅಳತೆ ದೊಡ್ಡದಾದರೆ ಮಾಡೆಲ್‌ನ ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿ ಮಾಡುವುದು. ಫೋಟೋದಲ್ಲಿ ಚಂದ ಕಾಣುವ ಎಷ್ಟೋ ಬಟ್ಟೆಗಳ ಹಿಂಭಾಗ ಬಟ್ಟೆ ಒಣಹಾಕಿದ ತಂತಿಯ ಥರ ಇರುತ್ತದೆ. ಸಂಜೆ ಎಲ್ಲ ವಾಪಸ್. ರಾತ್ರಿ ಕೂತು ಯಾವ ಬಟ್ಟೆ ಯಾರದು, ಬೆಲೆ ಎಷ್ಟು ಎಂದು ತಪ್ಪಿಲ್ಲದೆ ಕ್ಯಾಪ್ಷನ್ ಬರೆಯುವುದು. ನನ್ನ ಮೊದಲ ವರ್ಷ ಒಂದು ಶೂಟ್‌ನಲ್ಲಿ ಎರವಲು ತಂದ ಜುಮಕಿಯ ಒಂದು ಕಿವಿಯದು ಕಳೆದುಹೋಯಿತು. ಮೂರು ತಿಂಗಳ ಸಂಬಳದಲ್ಲಿ ಹಿಡಿದುಕೊಂಡರು. ಆ ಪತ್ರಿಕೆ ಆಮೇಲೆ ಮುಚ್ಚಿತು, ಕೊನೆಯ ಎರಡು ತಿಂಗಳ ಸಂಬಳ ಬರಲೇ ಇಲ್ಲ. ಉಳಿದ ಒಂದು ಜುಮಕಿ ಈಗಲೂ ನನ್ನ ಹತ್ತಿರ ಇದೆ.

ಹೀಗೆ ಕೈಗೆ ಕೆಲಸ ಹತ್ತಿದ ಮೇಲೆಯೇ ಕಣ್ಣಿಗೆ ಧೈರ್ಯ ಬರುವುದು. ಅನಾ ಅವರ ಮೊದಲ ‘ವೋಗ್’ ಮುಖಪುಟ, 1988ರ ನವೆಂಬರ್ ಸಂಚಿಕೆ, ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೂ ಮುಂಚೆ ಆ ಪತ್ರಿಕೆಯ ಮುಖಪುಟ ಅಂದರೆ ಸ್ಟುಡಿಯೋದಲ್ಲಿ ತೆಗೆದ ಮುಖದ ಕ್ಲೋಸಪ್. ಮೇಕಪ್, ದೊಡ್ಡ ಕಿವಿಯೋಲೆ, ನೆಟ್ಟ ನೋಟ. ತಿಂಗಳು ತಿಂಗಳೂ ಅದೇ. ಇವರು ಹಾಕಿದ್ದು ಬೀದಿಯಲ್ಲಿ ನಡೆಯುತ್ತಿರುವ ಹುಡುಗಿ. ಮಿಕೇಲಾ ಬರ್ಕು ಎಂಬ ಇಸ್ರೇಲಿನ ಮಾಡೆಲ್, ತೆಗೆದವರು ಪೀಟರ್ ಲಿಂಡ್‌ಬರ್ಗ್. ಕಣ್ಣು ಅರ್ಧ ಮುಚ್ಚಿದೆ, ಕೂದಲು ಹಾರುತ್ತಿದೆ, ನಗುತ್ತಿದ್ದಾಳೆ. ಮೇಲೆ ಡಿಸೈನರ್ ಕ್ರಿಶ್ಚಿಯನ್ ಲಾಕ್ರ್ವಾ ಅವರ ಮಣಿ ಹೊಲಿದ ಜಾಕೆಟ್, ಬೆಲೆ 10,000 ಡಾಲರ್. ಕೆಳಗೆ 50 ಡಾಲರಿನ ಜೀನ್ಸ್. ಜಾಕೆಟ್ಟಿನ ಜೊತೆ ಸ್ಕರ್ಟ್ ಕೂಡ ಇತ್ತು. ಮಾಡೆಲ್ ಊರಿಗೆ ಹೋಗಿ ಸ್ವಲ್ಪ ದಪ್ಪಗಾಗಿ ಬಂದಿದ್ದಳು, ಸ್ಕರ್ಟ್ ಸರಿ ಕೂರಲಿಲ್ಲ. ಅದಕ್ಕೇ ಜೀನ್ಸ್.

ಪ್ರಿಂಟಿಂಗ್ ಪ್ರೆಸ್ಸಿನವರು ಫೋನ್ ಮಾಡಿ, ‘ಇದು ಮುಖಪುಟವೇನಾ, ತಪ್ಪಾಗಿ ಬಂದಿದೆಯಾ?’ ಎಂದು ಕೇಳಿದರಂತೆ. ನಾನು ಪಾಠ ಮಾಡುವಾಗ ಈ ಕಥೆಯನ್ನು ಬಿಡುವುದೇ ಇಲ್ಲ. ಜನ ಅದರಲ್ಲಿ ದೊಡ್ಡ ಕ್ರಾಂತಿ ನೋಡುತ್ತಾರೆ. ಡೆಸ್ಕಿನಲ್ಲಿ ಕೂತವರಿಗೆ ಕಾಣುವುದು ಬೇರೆ. ಸ್ಕರ್ಟ್ ಹಿಡಿಸಲಿಲ್ಲ, ಕೈಗೆ ಸಿಕ್ಕ ಜೀನ್ಸ್ ಹಾಕಿಸಿದರು, ಬಂದ ಫೋಟೋಗಳಲ್ಲಿ ‘ಸರಿಯಿಲ್ಲದ’ ಒಂದನ್ನು ನೋಡಿ ‘ಇದೇ’ ಅಂದರು. ದುಬಾರಿ ಬಟ್ಟೆಯ ಜೊತೆ ಬಡ ಜೀನ್ಸ್ ಹಾಕುವುದು ಆಗಲೇ ಬೀದಿಯಲ್ಲಿ ಇತ್ತು. ಪತ್ರಿಕೆಯಲ್ಲಿ ಇರಲಿಲ್ಲ. ಸಂಪಾದಕರ ಕೆಲಸ ಬಟ್ಟೆ ಆರಿಸುವುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬಟ್ಟೆ ಆರಿಸುವವರು ಬೇರೆ ಇರುತ್ತಾರೆ. ‘ವೋಗ್’ನಲ್ಲಿ ಗ್ರೇಸ್ ಕಾಡಿಂಗ್ಟನ್ ದಶಕಗಳ ಕಾಲ ಆ ಕೆಲಸವನ್ನು ಅನಾಗಿಂತ ಚೆನ್ನಾಗಿ ಮಾಡಿದರು ಅಂತ ನನ್ನ ಅಭಿಪ್ರಾಯ. ಸಂಪಾದಕಿ ಮಾಡುವುದು ನೂರು ಫೋಟೋ ಎದುರು ನಿಂತು ಹತ್ತನ್ನು ಇಟ್ಟುಕೊಳ್ಳುವುದು, ಅದೂ ಬೇಗ, ಮತ್ತು ತಪ್ಪಾದರೆ ಬೈಗುಳ ತಾನೇ ತಿನ್ನುವುದು.

ರಾಕ್ಷಸಿಯೋ ಅಂತ ಕೇಳಿದ್ದೀರಿ. 2006ರಲ್ಲಿ ಬಂದ ಒಂದು ಹಾಲಿವುಡ್ ಸಿನಿಮಾ ಈ ಚಿತ್ರವನ್ನು ಎಲ್ಲರ ತಲೆಯಲ್ಲಿ ಕೂರಿಸಿತು. ಅನಾ ಬಳಿ ಸಹಾಯಕಿಯಾಗಿದ್ದ ಹುಡುಗಿ ಬರೆದ ಕಾದಂಬರಿ ಅದಕ್ಕೆ ಮೂಲ. ಅದು ಕಟ್ಟುಕಥೆ. ಆದರೆ ಬೆಂಕಿಯಿಲ್ಲದ ಹೊಗೆಯೂ ಅಲ್ಲ. ಮಾತು ಕಡಿಮೆ, ಮುಖದಲ್ಲಿ ಬಿಗುವು, ಉತ್ತರ ಒಂದೇ ಪದದ್ದು. ಅವರಿಗೆ ‘ನ್ಯೂಕ್ಲಿಯರ್ ವಿಂಟೂರ್’ ಎಂಬ ಹೆಸರೂ ಇತ್ತು, ಅಣುಯುದ್ಧದ ನಂತರದ ಕಡುಚಳಿಗೆ ಇಂಗ್ಲಿಷಿನಲ್ಲಿ ಹೇಳುವ ‘ನ್ಯೂಕ್ಲಿಯರ್ ವಿಂಟರ್’ ಅನ್ನು ತಿರುಚಿದ್ದು. ತಂದೆಯ ಚಳಿ ಮಗಳಿಗೂ ಬಂದಿತ್ತು ಅನ್ನಿ. ಆದರೆ ಇಡೀ ಉದ್ಯಮವೇ ಮೃದು ಅಲ್ಲ ಅನ್ನುವುದನ್ನೂ ನೋಡಬೇಕು. 17 ವರ್ಷ ಸಂಪಾದಕಿಯಾಗಿದ್ದ ಮಿರಾಬೆಲ್ಲಾ ಅವರ ಜಾಗಕ್ಕೆ ಅನಾ ಬಂದರು. ತಮ್ಮ ಕೆಲಸ ಹೋದ ಸುದ್ದಿ ಮಿರಾಬೆಲ್ಲಾಗೆ ತಲುಪಿದ್ದೇ ಟಿವಿಯಲ್ಲಿ ಬಂದ ಮೇಲೆ. ಹಾಗೆ ಮಾಡಿದ್ದು ಅನಾ ಅಲ್ಲ, ಮಾಲೀಕರು. ಇಂಥ ಮನೆಯಲ್ಲಿ 37 ವರ್ಷ ಒಬ್ಬರು ಉಳಿದರು ಅಂದರೆ, ಬರೀ ಬಿಗುವಿನಿಂದ ಉಳಿಯಲಿಲ್ಲ.

ಹಾಗಾದರೆ ಯಾವುದರಿಂದ? ಇಲ್ಲಿ ನಿಮ್ಮ ಮಗಳ ಬಿ.ಕಾಂ. ಉಪಯೋಗಕ್ಕೆ ಬರುತ್ತದೆ ನೋಡಿ. 2007ರ ಸೆಪ್ಟೆಂಬರ್ ‘ವೋಗ್’ ಸಂಚಿಕೆ 840 ಪುಟ. ಮಗಳು ನೋಡಿದ ಸಾಕ್ಷ್ಯಚಿತ್ರ ಅದೇ ಸಂಚಿಕೆಯ ತಯಾರಿಯ ಬಗ್ಗೆಯೇ. ಆ 840ರಲ್ಲಿ 727 ಪುಟ ಜಾಹೀರಾತು. ಉಳಿದ ನೂರಾಹದಿಮೂರು ಪುಟಕ್ಕೆ ಸಂಪಾದಕಿ, ಫೋಟೋಗ್ರಾಫರು, ಬರಹಗಾರರು ಎಲ್ಲ. ಓದುಗರು ಕೊಡುವ ದುಡ್ಡಿನಲ್ಲಿ ಅಂಥ ಪತ್ರಿಕೆ ನಡೆಯುವುದಿಲ್ಲ. ಬಟ್ಟೆ, ಸುಗಂಧ, ಕೈಚೀಲ ಮಾರುವ ಕಂಪನಿಗಳ ದುಡ್ಡಿನಲ್ಲಿ ನಡೆಯುತ್ತದೆ. ಅನಾ ಇದನ್ನು ಬೇರೆ ಸಂಪಾದಕರಿಗಿಂತ ಮುಂಚೆ ಅರ್ಥ ಮಾಡಿಕೊಂಡರು, ನಾಚಿಕೆಪಡಲಿಲ್ಲ. ಮಾಡೆಲ್‌ಗಳ ಬದಲು ಸಿನಿಮಾ ತಾರೆಯರನ್ನು ಮುಖಪುಟಕ್ಕೆ ತಂದರೆ ಪತ್ರಿಕೆ ಓಡುತ್ತದೆ ಎಂದು ‘ನ್ಯೂಯಾರ್ಕ್’ ವಾರಪತ್ರಿಕೆಯಲ್ಲಿದ್ದಾಗಲೇ ಕಂಡುಕೊಂಡಿದ್ದರು. 1998ರ ಡಿಸೆಂಬರಿನಲ್ಲಿ ಅಧ್ಯಕ್ಷರ ಪತ್ನಿ ಹಿಲರಿ ಕ್ಲಿಂಟನ್ ಅವರನ್ನೇ ಮುಖಪುಟಕ್ಕೆ ತಂದರು.

ಅಷ್ಟೇ ಅಲ್ಲ. ಡಿಸೈನರ್‌ಗಳಿಗೂ ದುಡ್ಡಿರುವವರಿಗೂ ನಡುವೆ ಸೇತುವೆಯಾದರು. 1994ರಲ್ಲಿ ಜಾನ್ ಗ್ಯಾಲಿಯಾನೋ ಎಂಬ ಡಿಸೈನರ್ ಕೈ ಬರಿದಾಗಿ ಕೂತಿದ್ದ. ಅನಾ ಮತ್ತು ಅವರ ಸಹೋದ್ಯೋಗಿ ಆಂದ್ರೆ ಲಿಯಾನ್ ಟ್ಯಾಲಿ ಅವನಿಗೆ ಹಣ ಹಾಕುವವರನ್ನು ಹುಡುಕಿದರು, ಪ್ಯಾರಿಸ್ಸಿನಲ್ಲಿ ಒಬ್ಬ ಶ್ರೀಮಂತೆಯ ಖಾಲಿ ಬಂಗಲೆ ಕೊಡಿಸಿದರು. ದೊಡ್ಡ ದೊಡ್ಡ ಮಾಡೆಲ್‌ಗಳು ದುಡ್ಡು ತೆಗೆದುಕೊಳ್ಳದೆ ನಡೆದರು. ಬಟ್ಟೆ ಹೆಚ್ಚುಪಾಲು ಕಪ್ಪು, ಅದೇ ಕೈಗೆಟುಕಿದ್ದು. ಮೂರು ವರ್ಷದೊಳಗೆ ಆತ ಪ್ಯಾರಿಸ್ಸಿನ ದೊಡ್ಡ ಫ್ಯಾಷನ್ ಕಂಪನಿಗಳಾದ ‘ಜೀವಾಂಶಿ’ಗೆ, ಅಲ್ಲಿಂದ ‘ಡಿಯೋರ್’ಗೆ ಹೋದ. ಇಂಥ ಉಪಕಾರ ಹತ್ತು ಜನಕ್ಕೆ ಮಾಡಿದ ಮೇಲೆ ಯಾವ ಕಂಪನಿ ತಾನೇ ಜಾಹೀರಾತು ಕೊಡಲ್ಲ ಅನ್ನುತ್ತದೆ?

ಮೆಟ್ ಗಾಲಾ ಕೂಡ ಇದೇ ಲೆಕ್ಕ. ದೀಪಿಕಾ ಪಡುಕೋಣೆ ಹೋಗಿದ್ದರಲ್ಲ, ಮೇ ತಿಂಗಳ ಮೊದಲ ಸೋಮವಾರದ ಆ ಔತಣ. ಅದು 1948ರಲ್ಲಿ ಶುರುವಾದಾಗ ಟಿಕೆಟ್ 50 ಡಾಲರ್. ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನ ಉಡುಪು ವಿಭಾಗಕ್ಕೆ ಹಣ ಕೂಡಿಸುವ ಊಟ ಅಷ್ಟೇ. 1995ರಿಂದ ಅನಾ ಅದನ್ನು ಕೈಗೆ ತೆಗೆದುಕೊಂಡರು. ಯಾರು ಬರಬೇಕು, ಯಾರ ಪಕ್ಕ ಯಾರು ಕೂರಬೇಕು, ಎಲ್ಲ ಅವರದೇ. 2025ರಲ್ಲಿ ಟಿಕೆಟ್ 75,000 ಡಾಲರ್, ಒಂದು ರಾತ್ರಿಯಲ್ಲಿ ಕೂಡಿದ್ದು 3.1 ಕೋಟಿ ಡಾಲರ್. ನಮ್ಮ ಕಡೆ ಮದುವೆಯಲ್ಲಿ ಯಾವ ಪಂಕ್ತಿಯಲ್ಲಿ ಯಾರನ್ನು ಕೂರಿಸಬೇಕು ಅಂತ ಒಬ್ಬ ಹಿರಿಯರು ನಿಂತು ನೋಡಿಕೊಳ್ಳುತ್ತಾರಲ್ಲ, ಅವರ ಅಧಿಕಾರ ಎಂಥದ್ದು ಅಂತ ನಿಮಗೆ ಗೊತ್ತು. ಇದು ಅದೇ, ಡಾಲರಿನಲ್ಲಿ.

ತಪ್ಪುಗಳನ್ನೂ ಮಗಳಿಗೆ ಹೇಳಿ. 2011ರ ಮಾರ್ಚ್ ಸಂಚಿಕೆಯಲ್ಲಿ ಸಿರಿಯಾದ ಆಗಿನ ಅಧ್ಯಕ್ಷ ಅಸಾದ್ ಅವರ ಪತ್ನಿಯನ್ನು ಹೊಗಳಿ ಲೇಖನ ಹಾಕಿದರು. ಅದೇ ಹೊತ್ತಿಗೆ ಆ ಸರ್ಕಾರ ತನ್ನ ಜನರ ಮೇಲೆ ಗುಂಡು ಹಾರಿಸಲು ಶುರು ಮಾಡಿತು. ಲೇಖನವನ್ನು ವೆಬ್‌ಸೈಟಿನಿಂದ ತೆಗೆಯಬೇಕಾಯಿತು. ಪ್ರಾಣಿಗಳ ತುಪ್ಪಳದ ಬಟ್ಟೆಯನ್ನು ವರ್ಷಗಟ್ಟಲೆ ಮೆರೆಸಿ, ಮುಖಕ್ಕೆ ‘ಪೈ’ ಎಂಬ ಕ್ರೀಮಿನ ತಿಂಡಿ ಎಸೆಸಿಕೊಂಡರು. 2020ರ ಜೂನಿನಲ್ಲಿ, ಕಪ್ಪು ವರ್ಣದ ಬರಹಗಾರರಿಗೆ, ಫೋಟೋಗ್ರಾಫರರಿಗೆ, ಸಂಪಾದಕರಿಗೆ ‘ವೋಗ್’ ಸಾಕಷ್ಟು ಜಾಗ ಕೊಡಲಿಲ್ಲ, ಅದರ ಹೊಣೆ ನನ್ನದು ಎಂದು ಸಿಬ್ಬಂದಿಗೆ ಬರೆದು ಒಪ್ಪಿಕೊಂಡರು. 32 ವರ್ಷ ಸಂಪಾದಕಿಯಾಗಿದ್ದ ಮೇಲೆ ಒಪ್ಪಿಕೊಂಡರು ಅನ್ನುವುದೂ ಲೆಕ್ಕಕ್ಕೆ ಬರಬೇಕು.

ಕೆಲಸ ಬಿಟ್ಟರು ಅನ್ನುವ ಸುದ್ದಿ ಅರ್ಧ ಸರಿ. 2025ರ ಜೂನಿನಲ್ಲಿ ಅಮೆರಿಕದ ‘ವೋಗ್’ ಸಂಪಾದಕತ್ವ ಬಿಡುವುದಾಗಿ ಹೇಳಿದರು. ಸೆಪ್ಟೆಂಬರಿನಲ್ಲಿ ಕ್ಲೋಯಿ ಮಾಲ್ ಎಂಬವರು ಆ ಜಾಗಕ್ಕೆ ಬಂದರು. ಆದರೆ ಎಲ್ಲ ದೇಶಗಳ ‘ವೋಗ್’ ಮೇಲಿನ ಹೊಣೆ, ‘ವೋಗ್’ನ ಮಾಲೀಕರಾದ ಕಾಂಡೇ ನಾಸ್ಟ್ ಕಂಪನಿಯ ಬೇರೆ ಪತ್ರಿಕೆಗಳ ಉಸ್ತುವಾರಿ ಅನಾ ಕೈಯಲ್ಲೇ ಉಳಿಯಿತು. ಅತ್ತೆ ಕೀಲಿಕೈ ಕೊಟ್ಟರು, ಉಗ್ರಾಣದ್ದು ಮಾತ್ರ ಕೊಡಲಿಲ್ಲ ಅನ್ನುತ್ತಾರಲ್ಲ, ಹಾಗೆ. ಇನ್ನೊಂದು ಸೂಕ್ಷ್ಮ ಗಮನಿಸಿ. ಹೊಸಬರಿಗೆ ಸಿಕ್ಕ ಹುದ್ದೆಯ ಹೆಸರು ‘ಪ್ರಧಾನ ಸಂಪಾದಕಿ’ ಅಲ್ಲ, ‘ಹೆಡ್ ಆಫ್ ಎಡಿಟೋರಿಯಲ್ ಕಂಟೆಂಟ್’, ಅಂದರೆ ಸಂಪಾದಕೀಯ ವಿಭಾಗದ ಮುಖ್ಯಸ್ಥೆ. ಭಾರತದ ‘ವೋಗ್’ ಶುರುವಾದದ್ದು 2007ರಲ್ಲಿ, ಅದರ ಮೊದಲ ಸಂಪಾದಕಿ ಪ್ರಿಯಾ ತನ್ನಾ. 2021ರಲ್ಲಿ ಅವರು ಬಿಟ್ಟ ಮೇಲೆ ಅಲ್ಲೂ ಹುದ್ದೆಯ ಹೆಸರು ಹೀಗೇ ಬದಲಾಯಿತು. ಅಂದರೆ ನಿಮ್ಮ ಮಗಳು ಕನಸು ಕಾಣುತ್ತಿರುವ ಕುರ್ಚಿಯೇ ಈಗ ಮೊದಲಿನಂತಿಲ್ಲ. ಜಾಹೀರಾತಿನ ದುಡ್ಡು ಫೋನಿನ ಪರದೆಗೆ ಹೋಯಿತು. ‘ಗ್ಲ್ಯಾಮರ್’ನಂಥ ದೊಡ್ಡ ಪತ್ರಿಕೆ 2019ರಲ್ಲಿ ಅಮೆರಿಕದಲ್ಲಿ ತಿಂಗಳ ಮುದ್ರಣ ನಿಲ್ಲಿಸಿತು. ಕೆಲಸ ಇಲ್ಲ ಅಂತಲ್ಲ. ವಿಡಿಯೋ, ಬ್ರ್ಯಾಂಡ್‌ಗಳ ಪ್ರಚಾರ ಬರಹ, ಸಿನಿಮಾ ತಾರೆಯರ ಸ್ಟೈಲಿಂಗ್ (ಅವರಿಗೆ ಬಟ್ಟೆ, ಒಡವೆ ಹೊಂದಿಸಿ ಕೊಡುವುದು), ಆನ್‌ಲೈನ್ ಬಟ್ಟೆ ಅಂಗಡಿಗಳ ಫೋಟೋ ವಿಭಾಗ, ಹೀಗೆ ಹರಡಿಕೊಂಡಿದೆ. ಬೆಂಗಳೂರಿನಲ್ಲಿ ಈ ಕೊನೆಯದಕ್ಕೆ ಒಳ್ಳೆಯ ಬೇಡಿಕೆ ಇದೆ.

ಈಗ ನಿಮ್ಮ ಮನೆಯ ಮಾತಿಗೆ ಬರೋಣ. ಮಗಳ ಮುಂದೆ ನಾಲ್ಕು ದಾರಿ ಕಾಣುತ್ತವೆ.

ಈಗಲೇ ಕಾಲೇಜು ಬಿಟ್ಟು ಮುಂಬೈಗೆ ಹೋಗುವುದು. ಯಾರೋ ಸ್ಟೈಲಿಸ್ಟ್ ಹತ್ತಿರ ಸಹಾಯಕಿಯಾಗಿ ಸೇರಬಹುದು, ಕೆಲಸ ಬೇಗ ಕಲಿಯಬಹುದು. ಇದು ಸುಳ್ಳಲ್ಲ. ಆದರೆ ಮೊದಲ ಕೆಲವು ತಿಂಗಳು ಸಂಬಳ ಇರುವುದಿಲ್ಲ, ಇದ್ದರೂ ಪಿ.ಜಿ. ಬಾಡಿಗೆಗೆ ಸಾಲದು. ಮನೆಯಿಂದ ದುಡ್ಡು ಹೋಗುತ್ತಲೇ ಇರಬೇಕು. ಶೂಟ್ ಮುಗಿಯುವುದು ನಡುರಾತ್ರಿ. ಮತ್ತೆ ಪತ್ರಿಕೆಗಳಲ್ಲಿ ಕೆಲಸಕ್ಕೆ ಅರ್ಜಿ ಹಾಕುವಾಗ ಡಿಗ್ರಿ ಕೇಳುವ ಕಡೆಯೇ ಜಾಸ್ತಿ. ನಾನು ಕಂಡ ಹುಡುಗಿಯರಲ್ಲಿ ಹೀಗೆ ಬಂದವರು ಸೋತದ್ದು ಬುದ್ಧಿ ಕಡಿಮೆಯಾಗಿ ಅಲ್ಲ, ದುಡ್ಡು ಖಾಲಿಯಾಗಿ. ಅನಾ ಅವರಿಗೆ ಆ ಭಯ ಇರಲಿಲ್ಲ, ನೆನಪಿರಲಿ.

ಬಿ.ಕಾಂ. ಬಿಟ್ಟು ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ಪ್ರವೇಶ ಪರೀಕ್ಷೆ ಬರೆದು ಫ್ಯಾಷನ್ ಕಮ್ಯುನಿಕೇಷನ್ ಸೇರುವುದು ಇನ್ನೊಂದು. ಬೆಂಗಳೂರಿನಲ್ಲೇ ಇದೆ. ಪತ್ರಿಕೆ, ಸ್ಟೈಲಿಂಗ್, ಗ್ರಾಫಿಕ್ಸ್ ಎಲ್ಲ ಕಲಿಸುವ ನಾಲ್ಕು ವರ್ಷದ ಕೋರ್ಸ್. ಒಳ್ಳೆಯದೇ. ಆದರೆ ಶೂನ್ಯದಿಂದ ನಾಲ್ಕು ವರ್ಷ, ಲಕ್ಷಗಳಲ್ಲಿ ಶುಲ್ಕ, ವಯಸ್ಸಿನ ಮಿತಿಯೂ ಇದೆ. ಸೀಟು ಸಿಗುವ ಮುಂಚೆ ಈಗಿನ ಕಾಲೇಜು ಬಿಡಬಾರದು.

ಮನೆಯಲ್ಲೇ ಕೂತು ಇನ್‌ಸ್ಟಾಗ್ರಾಂನಲ್ಲಿ ಶುರು ಮಾಡುವುದು ಮೂರನೆಯದು. ಖರ್ಚಿಲ್ಲ. ಅಪಾಯ ಏನಂದರೆ, ತಿದ್ದುವವರು ಯಾರೂ ಇರುವುದಿಲ್ಲ. ಲೈಕ್ ಬಂದದ್ದೇ ಚೆನ್ನಾಗಿದೆ ಅಂತ ಅಭ್ಯಾಸವಾಗುತ್ತದೆ. ಎರಡು ಬ್ರ್ಯಾಂಡ್ ದುಡ್ಡು ಕೊಟ್ಟರೆ ಅಭಿಪ್ರಾಯವೂ ಅವರದೇ ಆಗುತ್ತದೆ.

ನಾನು ಹೇಳುವುದು ನಾಲ್ಕನೆಯದು. ಉಳಿದ ಬಿ.ಕಾಂ. ಮುಗಿಸಲಿ, ಆದರೆ ಕೆಲಸ ಇವತ್ತೇ ಶುರು ಮಾಡಲಿ. ಡಿಗ್ರಿ ಆದ ಮೇಲೆ ನಿಫ್ಟ್‌ನ ಎರಡು ವರ್ಷದ ಫ್ಯಾಷನ್ ಮ್ಯಾನೇಜ್‌ಮೆಂಟ್‌ಗೆ ಯಾವ ವಿಷಯದ ಪದವೀಧರರೂ ಪ್ರವೇಶ ಪರೀಕ್ಷೆ ಬರೆಯಬಹುದು. ಇಲ್ಲವೇ ಪತ್ರಿಕೋದ್ಯಮದ ಸ್ನಾತಕೋತ್ತರ ಮಾಡಬಹುದು. 727 ಪುಟ ಜಾಹೀರಾತಿನ ಲೆಕ್ಕ ಅರ್ಥವಾಗುವ ಹುಡುಗಿ ಡೆಸ್ಕಿಗೆ ಬಂದರೆ ಯಾವ ಸಂಪಾದಕರೂ ಕಣ್ಣರಳಿಸುತ್ತಾರೆ; ನಮ್ಮಲ್ಲಿ ಚಂದ ಬರೆಯುವವರು ಸಿಗುತ್ತಾರೆ, ಬಜೆಟ್ ಓದುವವರು ಸಿಗುವುದಿಲ್ಲ. ಇದರಲ್ಲೂ ಅಪಾಯ ಇದೆ. ಒಂದೂವರೆ ವರ್ಷದಲ್ಲಿ ಅವಳ ಆಸೆ ಆರಿಹೋಗಬಹುದು. ಆರಿದರೆ ಆರಲಿ ಅಂತ ನೀವು ಕಾಯಬೇಡಿ. ಅದು ಅವಳಿಗೆ ಗೊತ್ತಾಗುತ್ತದೆ.

ಇವತ್ತೇ ಶುರು ಅಂದೆನಲ್ಲ, ಎಲ್ಲಿಂದ ಅಂದರೆ ನಿಮ್ಮ ಊರಿನಿಂದ. ಗುಳೇದಗುಡ್ಡ ನಿಮಗೆ ಬಸ್ಸಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಅಲ್ಲಿನ ಖಣ ನಿಮ್ಮ ಅತ್ತೆಯವರ ಪೆಟ್ಟಿಗೆಯಲ್ಲೇ ಹತ್ತು ಇರಬಹುದು. ಎರಡು ಭಾನುವಾರ ಹೋಗಿ ಬರಲಿ, ನೀವೂ ಜೊತೆಗೆ ಹೋಗಿ. ಮಗ್ಗದ ಮುಂದೆ ಕೂತವರನ್ನು ಮಾತಾಡಿಸಲಿ. ಖಣದ ಮೇಲಿನ ಒಂದೊಂದು ಚಿತ್ರಕ್ಕೂ ಅಲ್ಲಿನವರು ಏನು ಹೆಸರು ಹೇಳುತ್ತಾರೋ ಬರೆದುಕೊಳ್ಳಲಿ. ಒಂದು ಖಣಕ್ಕೆ ನೂಲಿಗೆಷ್ಟು, ಕೂಲಿ ಎಷ್ಟು, ಅಂಗಡಿಯಲ್ಲಿ ಎಷ್ಟು, ಈ ಲೆಕ್ಕ ಅವಳಿಗೆ ಡೆಬಿಟ್ ಕ್ರೆಡಿಟ್ ಗೊತ್ತಿರುವುದರಿಂದ ಬೇರೆಯವರಿಗಿಂತ ಚೆನ್ನಾಗಿ ಬರುತ್ತದೆ. ಫೋನಿನಲ್ಲಿ ಇನ್ನೂರು ಫೋಟೋ ತೆಗೆಯಲಿ. ಆಮೇಲೆ ಹತ್ತೇ ಹತ್ತು ಇಟ್ಟುಕೊಂಡು ಎಂಟು ಪುಟದ ಡಮ್ಮಿ, ಅಂದರೆ ಪತ್ರಿಕೆಯ ಮಾದರಿ ಪ್ರತಿ ಕಟ್ಟಲಿ, ಕಾಗದದ ಮೇಲೆ, ಅಂಟು ಹಚ್ಚಿ. ಪ್ರತಿ ಫೋಟೋಗೂ ಕ್ಯಾಪ್ಷನ್. ಒಂದೂ ತಪ್ಪಿರಬಾರದು. ಉಳಿದ ನೂರಾತೊಂಬತ್ತನ್ನು ಯಾಕೆ ಬಿಟ್ಟೆ ಅಂತ ಒಂದು ಪುಟ ಬರೆಯಲಿ.

ಮುಖಪುಟಕ್ಕೆ ಅಜ್ಜಿಯನ್ನೇ ಕೂರಿಸಿದರೂ ಆದೀತು. ಹಳೆಯ ಖಣದ ಕುಪ್ಪಸ, ಬೆಳಗಿನ ಬಿಸಿಲು, ಅಂಗಳ. ಹಾಗೆ ನೆವ ಮಾಡಿಕೊಂಡಾದರೂ ಇಬ್ಬರೂ ಮಾತಾಡುತ್ತಾರೆ. ಡಮ್ಮಿ ಆದ ಮೇಲೆ ನನಗೆ ಕಳಿಸಲಿ. ಕೆಂಪು ಪೆನ್ನಿನಲ್ಲಿ ತಿದ್ದಿ ವಾಪಸ್ ಕಳಿಸುತ್ತೇನೆ. ಪೆನ್ನು ಸ್ವಲ್ಪ ಜಾಸ್ತಿಯೇ ಓಡುತ್ತದೆ ಅಂತ ಮೊದಲೇ ಹೇಳಿಬಿಡಿ.